ನಡುಕಕ್ಕೆ ನಾಚಬೇಕೇ?

ಸಭೆಯ ಮುಂದೆ ಎದ್ದು ನಿಂತವರನ್ನು ಎರಡು ಭಯಗಳು ಕಾಡುತ್ತವೆ. ಮೊದಲನೆಯದು ಮೈಯದು. ಬಾಯಿ ಒಣಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕಾಗದ ಹಿಡಿದ ಕೈ ನಡುಗುತ್ತದೆ. ಬಹಳಷ್ಟು ಜನರಲ್ಲಿ ಇದು ಕೆಲವೇ ನಿಮಿಷದ ಹಾವಳಿ. ಎರಡನೆಯದು ಇದರ ಬೆನ್ನಿಗೇ ಹುಟ್ಟುತ್ತದೆ: ನಾನು ಹೆದರಿದ್ದೇನೆಂದು ಎದುರಿಗಿರುವವರಿಗೆ ಗೊತ್ತಾಗಿಬಿಟ್ಟರೆ? ಈ ಭಯ ವಾರ ಮುಂಚೆಯೇ ಬಂದು ಕೂರುತ್ತದೆ, ಮಾತು ಮುಗಿದ ಮೇಲೂ ರಾತ್ರಿಯ ನಿದ್ದೆ ಕೆಡಿಸುತ್ತದೆ, ಮುಂದಿನ ಸಲ ಯಾರಾದರೂ ‘ನೀವೂ ನಾಲ್ಕು ಮಾತಾಡಿ’ ಎಂದರೆ ಪಕ್ಕದವರ ಕಡೆ ಕೈ ತೋರಿಸುವಂತೆ ಮಾಡುತ್ತದೆ. ಸಭಾಕಂಪ ಹೋಗಲಾಡಿಸುವ ಪುಸ್ತಕಗಳೂ ತರಗತಿಗಳೂ ಬಹುಮಟ್ಟಿಗೆ ಮೊದಲನೆಯ ಭಯಕ್ಕೆ ಮದ್ದು ಹುಡುಕುತ್ತವೆ, ಇಲ್ಲವೇ ಅದನ್ನು ಮುಚ್ಚಿಡುವ ಉಪಾಯ ಹೇಳಿಕೊಡುತ್ತವೆ. ನನಗನ್ನಿಸುವುದು, ನಮ್ಮ ನಾಲಿಗೆಯನ್ನು ಕಟ್ಟಿಹಾಕುವುದು ಆ ಮುಚ್ಚಿಡುವ ಹಟವೇ. ನಡುಕದ್ದೇನೂ ತಪ್ಪಿಲ್ಲ. ಈ ಹಟ ಮನಶ್ಶಾಸ್ತ್ರಕ್ಕೆ ಸಂಬಂಧಿಸಿದ್ದು ಹೌದು. ಆದರೆ ಅದಕ್ಕೂ ಮೊದಲು ಅದು ಧರ್ಮದ ಪ್ರಶ್ನೆ. ನಾಲ್ಕು ಜನರ ಮುಂದೆ ನಾನು ನಿಲ್ಲುವುದು ಯಾವುದಕ್ಕಾಗಿ ಎಂಬ ಪ್ರಶ್ನೆ.

ಇದು ವೇದಿಕೆಯ ಭಾಷಣಕಾರರ ಕಷ್ಟ ಮಾತ್ರವಾಗಿದ್ದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ಬೆಂಗಳೂರಿನ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿಯನ್ನೇ ತೆಗೆದುಕೊಳ್ಳಿ. (ಯಲಹಂಕದ ಕಡೆ ಇದೇ ಹೆಸರಿನ ಇನ್ನೊಂದು ಊರೂ ಕೆರೆಯೂ ಇವೆ, ಅದಲ್ಲ.) ಇಲ್ಲಿನ ಕೆರೆಯ ವಿಸ್ತೀರ್ಣ 13 ಎಕರೆ 25 ಗುಂಟೆ. ಹಾಳುಬೀಳುತ್ತಿದ್ದ ಆ ಕೆರೆಯನ್ನು ಉಳಿಸಿಕೊಳ್ಳಲು ಸುತ್ತಲಿನ ನಿವಾಸಿಗಳು 2010ರಲ್ಲಿ ‘ಪುಟ್ಟೇನಹಳ್ಳಿ ನೇಬರ್‌ಹುಡ್ ಲೇಕ್ ಇಂಪ್ರೂವ್‌ಮೆಂಟ್ ಟ್ರಸ್ಟ್’ ಕಟ್ಟಿದರು. ಮರುವರ್ಷ ಪಾಲಿಕೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯನ್ನು ಅವರಿಗೆ ವಹಿಸಿತು. ಇಂಥ ಕೆಲಸ ಹಾರೆ ಗುದ್ದಲಿಯಿಂದಷ್ಟೇ ಆಗುವುದಿಲ್ಲ. ಅಧಿಕಾರಿಗಳ ಮುಂದೆ, ನೆರೆಹೊರೆಯವರ ಮುಂದೆ, ಒಪ್ಪದವರ ಮುಂದೆ ಯಾರೋ ಒಬ್ಬರು ಎದ್ದು ಹೇಳಬೇಕಾಗುತ್ತದೆ. ಸಂವಿಧಾನದ 1992ರ 74ನೇ ತಿದ್ದುಪಡಿ ದೊಡ್ಡ ಊರುಗಳಿಗೆ ವಾರ್ಡ್ ಸಮಿತಿಗಳನ್ನು ಕೊಟ್ಟಿತು. ಆದರೆ ಸಮಿತಿಯ ಮುಂದೆ ಬಾಯಿ ತೆರೆಯುವ ಧೈರ್ಯವನ್ನು ಯಾವ ತಿದ್ದುಪಡಿಯೂ ಕೊಡಲಾರದು. ಚರಂಡಿ ಎಲ್ಲಿ ಕಟ್ಟಿಕೊಂಡಿದೆ, ಟ್ಯಾಂಕರ್ ನೀರಿಗೆ ತಿಂಗಳಿಗೆ ಎಷ್ಟು ಸುರಿಯುತ್ತಿದ್ದೇವೆ ಎಂಬುದು ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರು ಸಭೆ ಮುಗಿಯುವತನಕ ಸುಮ್ಮನಿದ್ದು, ಗೇಟಿನ ಹೊರಗೆ ಬಂದ ಮೇಲೆ ಎಲ್ಲವನ್ನೂ ಸ್ಪಷ್ಟವಾಗಿ, ಸುಂದರವಾಗಿ ಹೇಳುತ್ತಾರೆ. ತಿಳಿವಳಿಕೆ ಇತ್ತು, ನಾಲಿಗೆಯೂ ಇತ್ತು. ಅವರನ್ನು ತಡೆದದ್ದು ‘ತಡವರಿಸಿದರೆ ಏನಂದುಕೊಂಡಾರು’ ಎಂಬ ಒಂದೇ ಲೆಕ್ಕ. ಆ ಲೆಕ್ಕಕ್ಕೆ ಬೆಲೆ ತೆರುವುದು ಅವರೊಬ್ಬರೇ ಅಲ್ಲ, ಇಡೀ ಬಡಾವಣೆ.

ಈ ಭಯ ಇಂದಿನ ಕಚೇರಿಗಳಲ್ಲಿ, ಸ್ಪರ್ಧೆಯ ಕಾಲದಲ್ಲಿ ಹುಟ್ಟಿದ್ದೆಂದು ಅಂದುಕೊಳ್ಳುವವರು ಬೌದ್ಧಗ್ರಂಥವಾದ ಅಂಗುತ್ತರ ನಿಕಾಯದ ನವಕ ನಿಪಾತವನ್ನು ನೋಡಬೇಕು. ಅಲ್ಲಿ ಬುದ್ಧ ಮನುಷ್ಯನ ಐದು ಭಯಗಳನ್ನು ಎಣಿಸುತ್ತಾನೆ: ಜೀವನೋಪಾಯದ ಭಯ, ಅಪಕೀರ್ತಿಯ ಭಯ, ಸಭೆಯಲ್ಲಿ ಅಳುಕುವ ಭಯ, ಸಾವಿನ ಭಯ, ದುರ್ಗತಿಯ ಭಯ. ಹೊಟ್ಟೆಪಾಡು, ಸಾವು, ಪರಲೋಕಗಳ ಸಾಲಿನಲ್ಲಿ ಸಭೆಯ ಅಳುಕಿಗೆ ಸಮನಾದ ಸ್ಥಾನ ಸಿಕ್ಕಿದೆ. ಅದನ್ನು ಯಾರೂ ಸಣ್ಣದೆಂದು ತಳ್ಳಿಹಾಕಿಲ್ಲ. ಅದು ಅಪಕೀರ್ತಿಯ ಭಯದ ಪಕ್ಕದಲ್ಲೇ ಕೂತಿರುವುದನ್ನೂ ಗಮನಿಸಬೇಕು. ಇನ್ನು ಮದ್ದು. ಐದೂ ಭಯಗಳನ್ನು ದಾಟಿಸುವ ನಾಲ್ಕು ಬಲಗಳೆಂದು ಆ ಸೂತ್ರ ಹೇಳುವುದು ಪ್ರಜ್ಞೆ, ವೀರ್ಯ, ನಿರ್ದೋಷವಾದ ನಡತೆ ಮತ್ತು ಸಂಗ್ರಹ ಎಂಬ ನಾಲ್ಕನ್ನು. ಸಂಗ್ರಹವೆಂದರೆ ಜನರನ್ನು ಕೂಡಿಸಿಕೊಳ್ಳುವ ಗುಣ: ಕೊಡುವುದು, ಹಿತವಾಗಿ ಮಾತಾಡುವುದು, ನೆರವಾಗುವುದು, ಎದುರಿನವರನ್ನು ತನಗೆ ಸಮಾನರೆಂದು ಕಾಣುವುದು. ಈ ಪಟ್ಟಿಯಲ್ಲಿ ಗಟ್ಟಿ ದನಿಯಿಲ್ಲ, ಅಲುಗದ ಕೈಯಿಲ್ಲ, ಆತ್ಮವಿಶ್ವಾಸವೆಂದು ನಾವು ಇವತ್ತು ಕರೆಯುವ ಠೀವಿಯೂ ಇಲ್ಲ. ವಿಷಯ ತಿಳಿದಿರಲಿ, ದುಡಿಮೆ ಇರಲಿ, ಬಚ್ಚಿಡಬೇಕಾದ ತಪ್ಪು ಬೆನ್ನ ಹಿಂದೆ ಇರದಿರಲಿ, ಕೇಳುಗರೊಂದಿಗೆ ಸಂಬಂಧವಿರಲಿ ಎನ್ನುತ್ತದೆ ಆ ಪಾಠ. ಬಚ್ಚಿಡಲು ಏನೂ ಇಲ್ಲದವನಿಗೆ ಬಯಲಾಗುವ ಭಯ ಎಲ್ಲಿಂದ ಬರಬೇಕು?

ನಡುಕ ಒಂದು ದೋಷ ಎಂಬ ತೀರ್ಪನ್ನು ನಾವು ಎಲ್ಲಿಂದ ತಂದೆವೋ ತಿಳಿಯದು. ನಮ್ಮ ಹಳೆಯ ಶಾಸ್ತ್ರಗಳಿಂದಂತೂ ತಂದದ್ದಲ್ಲ. ಭರತನ ನಾಟ್ಯಶಾಸ್ತ್ರದ ಎಂಟು ಸಾತ್ವಿಕ ಭಾವಗಳನ್ನು ಸಾಲಾಗಿ ಓದಿ: ಮೈ ಮರಗಟ್ಟುವುದು, ಬೆವರು, ರೋಮಾಂಚ, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ಮೈಕಿನ ಮುಂದೆ ನಿಂತವರು ತಮಗೆ ಯಾವುದಾಗಬಾರದೆಂದು ಬೇಡಿಕೊಳ್ಳುತ್ತಾರೋ ಅದೇ ಪಟ್ಟಿ! ಭರತ ಇವುಗಳನ್ನು ಬೇರೆಯಾಗಿಯೇ ಎಣಿಸಿದ, ಏಕೆಂದರೆ ಮನಸ್ಸು ಪೂರ್ತಿಯಾಗಿ ನೆಟ್ಟಲ್ಲದೆ ಇವು ಹುಟ್ಟುವುದಿಲ್ಲ; ಬೇರೆಲ್ಲೋ ಮನಸ್ಸಿಟ್ಟ ನಟ ಇವುಗಳನ್ನು ತರಲಾರ. ಇನ್ನೂ ಮುಖ್ಯವಾದ ಮಾತೊಂದಿದೆ. ನಡುಕಕ್ಕೆ ಭರತ ಕೊಡುವ ಕಾರಣಗಳಲ್ಲಿ ಭಯ ಒಂದು ಮಾತ್ರ. ಚಳಿ, ಹರ್ಷ, ಕೋಪ, ಮುಪ್ಪುಗಳೂ ಅಲ್ಲಿವೆ. ಅಂದರೆ ನಡುಗುವ ಕೈಯನ್ನು ನೋಡಿ ‘ಇವನು ಹೇಡಿ’ ಎಂದು ಓದಿಬಿಡಲು ಶಾಸ್ತ್ರವೇ ಒಪ್ಪುವುದಿಲ್ಲ. ಭಕ್ತಿಪಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಕೃಷ್ಣ ಉದ್ಧವನಿಗೆ ಹೇಳುವಂತೆ, ಯಾರ ಮಾತು ಗದ್ಗದವಾಗುತ್ತದೋ, ಯಾರು ನಾಚಿಕೆ ಬಿಟ್ಟು ಹಾಡಿ ಕುಣಿಯುತ್ತಾರೋ ಅಂಥವರು ಲೋಕವನ್ನೇ ಪಾವನ ಮಾಡುತ್ತಾರೆ. ತಂಬೂರಿ ಹಿಡಿದು ಬೀದಿಗಿಳಿದ ನಮ್ಮ ಹರಿದಾಸರು ಬೆಳೆದದ್ದು ಈ ನೆಲೆಯಲ್ಲೇ. ತಡವರಿಸುವ ದನಿಗೆ ಅಲ್ಲಿ ಗೌರವವಿತ್ತು.

ಪ್ರಯೋಗಶಾಲೆಯ ಮಾತೂ ಇದಕ್ಕೆ ದೂರವಿಲ್ಲ. ನಮ್ಮ ಒಳಗಿನ ಕೋಲಾಹಲ ಹೊರಗಿನವರಿಗೆ ಕಾಣಿಸುತ್ತಿದೆ ಎಂದು ನಾವು ಭಾವಿಸುವಷ್ಟು ಅದು ಕಾಣಿಸುವುದೇ ಇಲ್ಲ ಎಂದು ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಅದರಲ್ಲಿ ಭಾಷಣ ಮಾಡಲಿದ್ದ ಕೆಲವರಿಗೆ ಈ ಸಂಗತಿಯನ್ನು ಮೊದಲೇ ವಿವರಿಸಲಾಗಿತ್ತು. ಅವರ ಮಾತು ತಿಳಿಯದೆ ಹೋದವರ ಮಾತಿಗಿಂತ ಚೆನ್ನಾಗಿತ್ತು. ಅವರಿಗೆ ಮಾತ್ರವಲ್ಲ, ಕೇಳಿದವರಿಗೂ ಹಾಗೆ ಅನ್ನಿಸಿತು. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮುಂದಿಟ್ಟ ವಿವರಣೆ ಇನ್ನೊಂದು ಕಡೆಯಿಂದ ಬರುತ್ತದೆ. ಭಯಪಡುವವನು ಕೇಳುಗರನ್ನು ಬಿಟ್ಟು ತನ್ನನ್ನೇ ನೋಡತೊಡಗುತ್ತಾನೆ. ಭಯ ಕಾಣದಿರಲೆಂದು ಅವನು ಮಾಡುವ ಉಪಾಯಗಳೇ ಅದನ್ನು ಹೆಚ್ಚಿಸುತ್ತವೆ. ಕೈ ನಡುಗಬಾರದೆಂದು ಲೋಟವನ್ನು ಬಿಗಿಹಿಡಿದಷ್ಟೂ ಕೈ ನಡುಗುತ್ತದೆ. ತಪ್ಪಾಗಬಾರದೆಂದು ಒಂದೇ ಉಸಿರಿಗೆ ಓದಿದರೆ ಉಸಿರೇ ಸಾಲದಾಗುತ್ತದೆ. ಎರಡನೆಯ ಭಯವೇ ಮೊದಲನೆಯದನ್ನು ಸಾಕಿ ಬೆಳೆಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಆದರೆ ಇಲ್ಲೊಂದು ಎಚ್ಚರ ಬೇಕು. ‘ಕಾಣುವುದಿಲ್ಲ, ಹೆದರಬೇಡ’ ಎಂಬ ಸಮಾಧಾನ ಉಪಯುಕ್ತ, ಆದರೆ ಸಾಲದು. ಕೆಲವರ ನಡುಕ ನಿಜವಾಗಿಯೂ ಕಾಣುತ್ತದೆ. ಕಂಡರೂ ಪರವಾಗಿಲ್ಲ ಎನ್ನಲು ವಿಜ್ಞಾನ ಕೊಡದ ಇನ್ನೊಂದು ಆಧಾರ ಬೇಕು.

ಇಲ್ಲಿ ಗೀತೆಯನ್ನು ಮುಂದಿಟ್ಟು ಒಂದು ಬಲವಾದ ಆಕ್ಷೇಪ ಎತ್ತಬಹುದು. ಸ್ಥಿತಪ್ರಜ್ಞನಾಗು ಎನ್ನುವ ಗ್ರಂಥ ನಡುಕವನ್ನು ಹೇಗೆ ಒಪ್ಪೀತು? ಅರ್ಜುನನ ಬಾಯಿ ಒಣಗಿ, ಮೈ ಕಂಪಿಸಿ, ಗಾಂಡೀವ ಜಾರಿದಾಗ ಕೃಷ್ಣ ಅದನ್ನು ಹೃದಯದ ಕ್ಷುದ್ರ ದೌರ್ಬಲ್ಯವೆಂದು ಬೈದದ್ದು ನಿಜವಲ್ಲವೇ? ನಿಜ. ಆದರೆ ಆ ಬೈಗುಳ ಬೀಳುವುದು ಬಿಲ್ಲು ಕೆಳಗಿಟ್ಟು ಕೂತದ್ದಕ್ಕೆ. ಎರಡು ಸೇನೆಗಳ ನಡುವೆ, ತನ್ನ ಕಾಲದ ದೊಡ್ಡ ಬಿಲ್ಲಾಳು, ತನ್ನ ಮೈಯಲ್ಲಾಗುತ್ತಿರುವುದನ್ನು ಒಂದೊಂದಾಗಿ ಬಾಯಿಬಿಟ್ಟು ಹೇಳಿಕೊಂಡ. ಮುಂದಿನ ಉಪದೇಶವೆಲ್ಲ ಹುಟ್ಟಿದ್ದು ಆ ಹೇಳಿಕೆಯಿಂದ. ಅವನು ಮುಖ ಗಂಟಿಕ್ಕಿ ಭಯ ನುಂಗಿಕೊಂಡಿದ್ದರೆ ಗೀತೆಯೇ ಇರುತ್ತಿರಲಿಲ್ಲ. ಎರಡನೆಯ ಅಧ್ಯಾಯದಲ್ಲಿ ಅವನು ಕೇಳುವ ಪ್ರಶ್ನೆ ಇದಕ್ಕಿಂತ ಕುತೂಹಲದ್ದು: ಸ್ಥಿತಪ್ರಜ್ಞ ಹೇಗೆ ಮಾತಾಡುತ್ತಾನೆ, ಹೇಗೆ ಕೂರುತ್ತಾನೆ, ಹೇಗೆ ನಡೆಯುತ್ತಾನೆ? ನಾವೂ ಕೇಳುವುದು ಅದನ್ನೇ. ದನಿ ಎಷ್ಟಿರಬೇಕು, ಕೈ ಎಲ್ಲಿಡಬೇಕು ಎಂದು. ಕೃಷ್ಣ ಕೊಡುವ ಉತ್ತರದಲ್ಲಿ ದನಿಯ ವಿಚಾರವಿಲ್ಲ, ನಡಿಗೆಯ ವರ್ಣನೆಯಿಲ್ಲ. ಬಯಕೆ ಬಿಟ್ಟದ್ದು, ರಾಗ ಭಯ ಕ್ರೋಧಗಳಿಗೆ ಒಳಗಾಗದ್ದು, ಹೀಗೆ ಪೂರ್ತಿ ಒಳಗಿನ ವಿಚಾರ. ಈ ಲಕ್ಷಣಗಳನ್ನೇ ಸಾಧಕ ಪ್ರಯತ್ನಪಟ್ಟು ಬೆಳೆಸಿಕೊಳ್ಳಬೇಕೆಂದು ಶಂಕರರ ಭಾಷ್ಯ ಹೇಳುತ್ತದೆ. ಹಾಗಾದರೆ ಸಭೆಯ ಮುಂದೆ ನಿಲ್ಲುವವನು ಬಿಡಬೇಕಾದ ಬಯಕೆ ಯಾವುದು? ಧೈರ್ಯವಂತನಂತೆ ಕಾಣಬೇಕೆಂಬ ಬಯಕೆ. ನಡುಕವನ್ನು ಅದುಮಿ ಠೀವಿಯಿಂದ ಮಾತಾಡಿದವನು ಚಪ್ಪಾಳೆ ಗೆದ್ದಿರಬಹುದು. ಗೀತೆಯ ಅಳತೆಯಲ್ಲಿ ಅವನು ಇನ್ನೂ ನಿಂದಾಸ್ತುತಿಗಳ ಅಧೀನ.

ಸಭೆಯ ನೈತಿಕತೆಯನ್ನು ಮಹಾಭಾರತದ ಸಭಾಪರ್ವದಷ್ಟು ನಿಷ್ಠುರವಾಗಿ ನೋಡಿದ ಕೃತಿ ನನಗೆ ತಿಳಿದಿಲ್ಲ. ದ್ಯೂತದ ಸಭೆಗೆ ದ್ರೌಪದಿ ಬರುವುದು ಎಳೆತರಲ್ಪಟ್ಟು, ಏಕವಸ್ತ್ರೆಯಾಗಿ, ಕೂದಲು ಕೆದರಿ, ಅಳುತ್ತಾ. ಇಂದಿನ ತರಬೇತುದಾರರ ಯಾವ ಅಳತೆಗೂ ಅವಳ ಅಂದಿನ ಮಾತು ಹೊಂದುವುದಿಲ್ಲ. ಆದರೆ ಆ ಸಭೆಯಲ್ಲಿ ಕಾನೂನಿನ ಮರ್ಮಕ್ಕೆ ತಾಗುವ ಪ್ರಶ್ನೆ ಎತ್ತಿದವಳು ಅವಳೇ: ತನ್ನನ್ನು ತಾನು ಸೋತವನಿಗೆ ಹೆಂಡತಿಯನ್ನು ಪಣವಿಡುವ ಹಕ್ಕು ಎಲ್ಲಿಯದು? ಎದುರಿಗೆ ಗಂಭೀರವಾಗಿ ಕೂತಿದ್ದವರು ಭೀಷ್ಮ, ದ್ರೋಣ, ಕೃಪ. ಧರ್ಮ ಸೂಕ್ಷ್ಮ ಎಂದು ಭೀಷ್ಮ ನುಣುಚಿಕೊಂಡ. ಅವಳ ಪರ ನಿಂತದ್ದು ಕೌರವರಲ್ಲಿ ಕಿರಿಯನಾದ ವಿಕರ್ಣ. ಅವನು ಹುಡುಗ, ಅವನಿಗೇನು ಗೊತ್ತು ಎಂದು ಕರ್ಣ ಅವನನ್ನು ಕೂರಿಸಲು ನೋಡಿದ. ಮೈಯ ಸ್ಥಿರತೆಗೂ ಮಾತಿನ ಸತ್ಯಕ್ಕೂ ಸಂಬಂಧವಿಲ್ಲವೆಂದು ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಡ. ಕುಮಾರವ್ಯಾಸನ ಮೂಲಕ ಈ ಪ್ರಸಂಗವನ್ನು ತಲೆತಲಾಂತರದಿಂದ ಗಮಕದಲ್ಲಿ ಕೇಳಿ ಕಣ್ಣೀರಿಟ್ಟ ನಾಡು ನಮ್ಮದು. ಹಾಗಿದ್ದೂ ಸಭೆಯಲ್ಲಿ ದನಿ ಒಡೆದು ಮಾತಾಡಿದವರನ್ನು ನಾವು ಅಳೆಯುವುದು ಭೀಷ್ಮನ ಗಾಂಭೀರ್ಯದ ಕೋಲಿನಿಂದ.

ಎರಡನೆಯ ಆಕ್ಷೇಪ ನನ್ನನ್ನು ಹೆಚ್ಚು ತಡೆದು ನಿಲ್ಲಿಸುತ್ತದೆ. ಈ ಭಯಕ್ಕೆ ‘ನಾನು’ ಎಂಬ ಹಮ್ಮೇ ಬೇರು ಎಂದರೆ, ತಲೆಮಾರುಗಳಿಂದ ಬಾಯಿ ಮುಚ್ಚಿಸಿಕೊಂಡವರಿಗೆ ಅದು ಅನ್ಯಾಯದ ಮಾತಾಗುವುದಿಲ್ಲವೇ? ಹೆಣ್ಣುಮಕ್ಕಳು ನಾಲ್ಕು ಜನರೆದುರು ಮಾತಾಡಿದರೆ ಗಂಡುಬೀರಿ ಎನ್ನಿಸಿಕೊಂಡ ಮನೆಗಳಿವೆ. ಊರ ಪಂಚಾಯ್ತಿಯಲ್ಲಿ ಬಾಯಿ ತೆರೆದದ್ದಕ್ಕೆ ದಂಡ ತೆತ್ತ ಕೇರಿಗಳಿವೆ. ಇಂಗ್ಲಿಷ್ ತಪ್ಪಿದರೆ ನಗುವ ಕಚೇರಿಗಳು ನಮ್ಮ ದಕ್ಷಿಣ ಬೆಂಗಳೂರಿನಲ್ಲೇ ಇವೆ. ಇಂಥವರ ಅಳುಕಿಗೆ ಕಾರಣ ಅಹಂಕಾರವಲ್ಲ, ಅನುಭವ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಮತ್ತು ಅದರಿಂದ ನನ್ನ ವಾದ ಇನ್ನೊಂದು ಮಗ್ಗುಲಿಗೆ ಹೊರಳಬೇಕಾಗುತ್ತದೆ. ಮಾತಾಡುವವನು ಬಿಡಬೇಕಾದದ್ದು ಒಂದಿದ್ದರೆ, ಕೇಳುವ ಸಭೆ ಬಿಡಬೇಕಾದದ್ದು ಇನ್ನೊಂದಿದೆ. 12ನೇ ಶತಮಾನದ ಕಲ್ಯಾಣ ನೆನಪಾಗುವುದು ಇಲ್ಲಿ. ಅನುಭವ ಮಂಟಪ ಎಂಬ ಕಟ್ಟಡವಿತ್ತೇ, ಅದರ ಸ್ವರೂಪವೇನು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ವಚನಗಳು ನಮ್ಮ ಕೈಯಲ್ಲಿವೆ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಚೆಲ್ಲಿದ ಅಕ್ಕಿ ಆಯುವ ಕಾಯಕದ ಲಕ್ಕಮ್ಮ, ಸೂಳೆ ಸಂಕವ್ವೆ ಇವರೆಲ್ಲ ತಮ್ಮ ಕಸುಬಿನ ನುಡಿಯಲ್ಲೇ ಮಾತಾಡಿದರು, ಆ ಮಾತು ಉಳಿಯಿತು. ಉಳಿದದ್ದು ಏಕೆಂದರೆ ಕೇಳಿದವರಿದ್ದರು. ಮುಂದೆ ಸಂಕಲನಗೊಂಡ ಶೂನ್ಯಸಂಪಾದನೆ ಅಕ್ಕಮಹಾದೇವಿಯ ಆಗಮನವನ್ನು ಚಿತ್ರಿಸುವಾಗ ಅಲ್ಲಮನಿಂದ ಮೃದು ಮಾತಾಡಿಸುವುದಿಲ್ಲ; ಬಟ್ಟೆ ತೊರೆದವಳು ಕೂದಲಿನಿಂದ ಮೈ ಮರೆಸಿಕೊಂಡದ್ದೇಕೆ ಎಂಬಷ್ಟು ಇರಿಯುವ ಪ್ರಶ್ನೆಗಳೇ ಅಲ್ಲಿವೆ. ಆದರೆ ಪ್ರಶ್ನೆ ಕೇಳಿದವರು ಉತ್ತರಕ್ಕೆ ಕಿವಿಗೊಟ್ಟರು, ಉತ್ತರ ಒಪ್ಪಿದಾಗ ತಲೆಬಾಗಿದರು. ಕಟುವಾಗಿ ಪರೀಕ್ಷಿಸುವ ಸಭೆಗೂ ಹೀಯಾಳಿಸುವ ಸಭೆಗೂ ಇರುವ ಅಂತರ ಇಷ್ಟೇ, ಮತ್ತು ಇದು ಸಣ್ಣ ಅಂತರವಲ್ಲ.

ವೃತ್ತಿಯ ಮಾತೇನು ಎಂದು ಕೇಳುವವರಿದ್ದಾರೆ. ವಕೀಲ ನಡುಗಿದರೆ ಕಕ್ಷಿದಾರ ಇನ್ನೊಬ್ಬರನ್ನು ಹುಡುಕುತ್ತಾನೆ. ಸಂದರ್ಶನದಲ್ಲಿ ತಡವರಿಸಿದವರಿಗೆ ಕೆಲಸ ತಪ್ಪುತ್ತದೆ. ಲೋಕದ ಈ ಕ್ರೌರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಮುಂಬಯಿಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತ ಗಾಂಧಿಗೆ ತಲೆ ತಿರುಗಿ ಒಂದು ಪ್ರಶ್ನೆಯೂ ಹೊರಡಲಿಲ್ಲ. ಕೂತುಬಿಟ್ಟರು, ಶುಲ್ಕ ಹಿಂತಿರುಗಿಸಿದರು. ಅದಕ್ಕೂ ಮೊದಲು ಲಂಡನ್ನಿನ ಸಸ್ಯಾಹಾರಿ ಸಂಘದಲ್ಲಿ ಅವರು ಬರೆದು ತಂದದ್ದನ್ನು ಬೇರೆಯವರು ಓದಬೇಕಾಯಿತು. ಇದೆಲ್ಲವನ್ನೂ ಆತ್ಮಕಥೆಯಲ್ಲಿ ಬರೆದವರು ಅವರೇ. ತಮ್ಮ ಸಂಕೋಚ ಮಾತಿನ ಮಿತವ್ಯಯವನ್ನು ಕಲಿಸಿತೆಂದು ಅದರ ಉಪಕಾರವನ್ನೂ ಅಲ್ಲೇ ಒಪ್ಪಿಕೊಂಡರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದವರು ಇದೇ ಮನುಷ್ಯ. ನಡುವೆ ಆದದ್ದು ವಾಕ್ಚಾತುರ್ಯದ ತರಬೇತಿಯಲ್ಲ. ದಕ್ಷಿಣ ಆಫ್ರಿಕದಲ್ಲಿ ಅವರಿಗೆ ಹೇಳಲೇಬೇಕಾದ ವಿಷಯ ಸಿಕ್ಕಿತು, ಯಾರ ಪರವಾಗಿ ಹೇಳಬೇಕೋ ಆ ಜನ ಸಿಕ್ಕರು. ಆಗ ‘ನಾನು ಹೇಗೆ ಕಾಣುತ್ತೇನೆ’ ಎಂಬುದಕ್ಕೆ ಮನಸ್ಸಿನಲ್ಲಿ ಜಾಗ ಕಡಿಮೆಯಾಯಿತು. ಹಾಗೆಂದು ಎಲ್ಲರ ನಡುಕಕ್ಕೂ ಧರ್ಮಜಿಜ್ಞಾಸೆಯೇ ಮದ್ದೆನ್ನಲಾರೆ. ಶಾಲೆ ಬಿಡಿಸುವಷ್ಟು, ಕೆಲಸ ಬಿಡಿಸುವಷ್ಟು ಭಯ ಗಟ್ಟಿಯಾದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆಯಿದೆ, ನಮ್ಮೂರಲ್ಲೇ ನಿಮ್ಹಾನ್ಸ್ ಇದೆ. ಅಂಥವರಿಗೆ ವೈದ್ಯರ ಬದಲು ಉಪದೇಶ ಕೊಡುವುದು ಹಿಂಸೆ.

ಇನ್ನು ಅಭ್ಯಾಸದ ವಿಚಾರ. ಅಭ್ಯಾಸ ಬೇಡವೆನ್ನುವುದಿಲ್ಲ, ಯಾವುದರ ಅಭ್ಯಾಸ ಎಂದಷ್ಟೇ ಕೇಳುತ್ತೇನೆ. ಕರಾವಳಿ, ಮಲೆನಾಡು, ಕಾಸರಗೋಡಿನ ತಾಳಮದ್ದಳೆಯಲ್ಲಿ ಬಣ್ಣ ವೇಷ ಕುಣಿತ ಯಾವುದೂ ಇಲ್ಲ. ಅರ್ಥಧಾರಿ ಕೂತಲ್ಲೇ ಪದ್ಯಕ್ಕೆ ಅರ್ಥ ಹೇಳಬೇಕು, ಎದುರಿನ ಅರ್ಥಧಾರಿ ಎಸೆಯುವ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಬಾಯಿಪಾಠ ಅಲ್ಲಿ ಕೈಕೊಡುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಆ ಕಲೆಯಲ್ಲಿ ಗಳಿಸಿದ್ದು ಪುರಾಣದ ಆಳವಾದ ತಿಳಿವಳಿಕೆಯನ್ನು, ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಶಕ್ತಿಯನ್ನು. ಕರ್ಣನ ಪರವಾಗಿಯೋ ವಾಲಿಯ ಪರವಾಗಿಯೋ ವಾದಿಸುವವನಿಗೆ ಗಮನವೆಲ್ಲ ಆ ಪಾತ್ರದ ನ್ಯಾಯದ ಮೇಲಿರುತ್ತದೆ. ವಾರ್ಡಿನ ಸಭೆಯಲ್ಲಿ ಎದ್ದು ನಿಲ್ಲುವವರಿಗೂ ಇಂಥದೊಂದು ಪಾತ್ರವಿದೆ: ಕೆರೆಯ ಪರ, ಕಾಲುದಾರಿಯಲ್ಲಿ ನಡೆಯಲಾಗದ ಮುದುಕರ ಪರ, ಪೌರಕಾರ್ಮಿಕರ ಪರ. ಕಾಲುವೆಯ ದಾರಿ ನಡೆದು ನೋಡಿ, ದಾಖಲೆ ಓದಿ, ಕೇಳಬೇಕಾದ ಒಂದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು ಬಂದರೆ ಬುದ್ಧ ಹೇಳಿದ ಪ್ರಜ್ಞೆ ವೀರ್ಯಗಳು ಬಂದಂತೆಯೇ. ಚೀಟಿ ಕೈಯಲ್ಲಿ ನಡುಗಿದರೆ ನಡುಗಲಿ, ಬೇಕಾದರೆ ‘ನನಗೆ ಮಾತಾಡಿ ಅಭ್ಯಾಸವಿಲ್ಲ’ ಎಂದು ಹೇಳಿಯೇ ಶುರುಮಾಡಲಿ. ಹೇಳಿಬಿಟ್ಟ ಮೇಲೆ ಕಾಯಬೇಕಾದ ಗುಟ್ಟು ಉಳಿಯುವುದಿಲ್ಲ.

ಉಳಿದದ್ದು ಕೇಳುವವರ ಪಾಲು. ದ್ರೌಪದಿಯ ಪ್ರಶ್ನೆಗೆ ಸಭೆ ಸುಮ್ಮನಾದಾಗ ವಿದುರ ಒಂದು ಹಳೆಯ ನಿಯಮವನ್ನು ನೆನಪಿಸುತ್ತಾನೆ: ನೊಂದು ಬಂದವರ ಪ್ರಶ್ನೆಗೆ ಧರ್ಮ ಬಲ್ಲ ಸಭಾಸದನು ಉತ್ತರಿಸದೆ ಕೂತರೆ ಸುಳ್ಳು ಹೇಳಿದ ಪಾಪದಲ್ಲಿ ಅರ್ಧ ಅವನದು. ಇದನ್ನು ಇಂದಿನ ಸಭೆಗಳಿಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಒಬ್ಬ ಹೆಂಗಸು ಲೆಕ್ಕಪತ್ರದ ಒಂದು ಸಾಲನ್ನು ತೋರಿಸಿ, ದನಿ ನಡುಗುತ್ತಾ, ಈ ಹಣ ಎಲ್ಲಿ ಹೋಯಿತೆಂದು ಕೇಳುತ್ತಾರೆ ಎನ್ನಿ. ಅಧ್ಯಕ್ಷರು ‘ಸಮಾಧಾನ ಮಾಡಿಕೊಳ್ಳಿ ಮೇಡಂ, ಭಾವುಕರಾಗಬೇಡಿ’ ಎಂದರೆ ಪ್ರಶ್ನೆ ಅಲ್ಲೇ ಮುಳುಗುತ್ತದೆ. ಚರ್ಚೆ ಹಣದಿಂದ ಅವರ ದನಿಗೆ ಜಾರುತ್ತದೆ. ಉತ್ತರ ಗೊತ್ತಿದ್ದವರು ಆಗ ಎದ್ದು, ಆ ಸಾಲನ್ನು ಗಟ್ಟಿಯಾಗಿ ಓದಿ, ಲೆಕ್ಕ ಏನೆಂದು ಹೇಳಬೇಕು. ಗೊತ್ತಿಲ್ಲದವರು ‘ಅವರು ಕೇಳಿದ್ದಕ್ಕೆ ಉತ್ತರ ಇನ್ನೂ ಬಂದಿಲ್ಲ’ ಎಂದಾದರೂ ಹೇಳಬಹುದು. ಅಷ್ಟನ್ನು ಹೇಳುವಾಗ ಅವರ ದನಿಯೂ ನಡುಗಬಹುದು. ಆದರೂ ಉತ್ತರ ಬರುವತನಕ ಆ ಪ್ರಶ್ನೆ ಸಭೆಯ ನಡಾವಳಿಯಲ್ಲಿ ಉಳಿಯಬೇಕು.